ಕೇಪಿನ ಕೋವಿಯ ಎರಡನೇ ಗುಂಡು

ಹೋದ ಭಾನುವಾರ ಮಗಳಿಗೆಂದು ಮೊಟ್ಟೆ ಬೇಯಲು ಇಟ್ಟು, ಫೋನಿನಲ್ಲಿ ಮಾತಾಡುತ್ತಾ ಮರೆತೇಬಿಟ್ಟೆ. ನಾನು ಮೊಟ್ಟೆ ತಿನ್ನುವವಳಲ್ಲ, ಅದು ಎಷ್ಟು ಹೊತ್ತು ಬೇಯಬೇಕೆಂಬ ಅಂದಾಜು ಇವತ್ತಿಗೂ ಬಂದಿಲ್ಲ. ನೀರೆಲ್ಲ ಇಂಗಿ, ಚಿಪ್ಪು ಒಡೆದು, ಅಡುಗೆಮನೆ ತುಂಬ ಗಂಧಕದ ವಾಸನೆ. ಮಗಳು ಮೂಗು ಮುಚ್ಚಿಕೊಂಡು ಇಂಗ್ಲಿಷಿನಲ್ಲಿ ಏನೋ ಗೊಣಗುತ್ತಾ ಕಿಟಕಿ ತೆರೆಯಲು ಹೋದಳು. ಸ್ವಲ್ಪ ಇರು, ತೆರೀಬೇಡ ಅಂದೆ. ಅವಳಿಗೆ ಅದು ಹೊತ್ತಿದ ಮೊಟ್ಟೆಯ ವಾಸನೆ. ನನಗೆ ಅದು ಪಕ್ಕದ ಮನೆಯ ಆಂಟಿಯ ಬೇಸ್‌ಮೆಂಟಿನ ಸಿಂಕು. ಅವರು ಕೋವಿಯ ನಳಿಗೆಯನ್ನು ಬಿಸಿ ಸೋಪಿನ ನೀರಿನಲ್ಲಿ ತೊಳೆಯುವಾಗ, ಸುಟ್ಟ ಮದ್ದಿನ ಕಿಟ್ಟ ಕರಗಿ ಕಪ್ಪು ನೀರು ಹರಿಯುವಾಗ, ಇದೇ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು...

ನಾವು ಆಗ ಅಮೆರಿಕದ ಮಿಶಿಗನ್ನಿನ ಪ್ಲಿಮತ್‌ಗೆ ಬಂದ ಹೊಸದು. ನಮ್ಮ ಯಜಮಾನರಿಗೆ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ, ನನಗೆ ಕೆಲಸ ಮಾಡಲು ಬಿಡದ ವೀಸಾ. ಕಿಟಕಿಯ ಸಂದಿಯಿಂದ ಬೀದಿ ನೋಡುವುದೇ ನನ್ನ ಉದ್ಯೋಗ. ಪಕ್ಕದ ಮನೆಯಲ್ಲಿ ಇರುವವರು ಕನ್ನಡದವರೇ ಎಂದು ತಿಳಿದ ದಿನ ಖುಷಿಯಿಂದ ಕೋಸಂಬರಿ ಮಾಡಿ ಡಬ್ಬಿಗೆ ತುಂಬಿದೆ. ಕೊಡೋಣವೆಂದು ಹೊರಗೆ ಕಾಲಿಡುವಷ್ಟರಲ್ಲಿ ಆ ಮನೆಯ ಗರಾಜು ಗಡಗಡ ಸದ್ದು ಮಾಡುತ್ತಾ ಮೇಲೆದ್ದಿತು. ಒಳಗೆ ಬಿಳಿಗೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡ, ಅರವತ್ತು ದಾಟಿದ ಹೆಂಗಸೊಬ್ಬರು ಉದ್ದನೆಯ ಕೋವಿಯನ್ನು ಬಟ್ಟೆಯಿಂದ ಒರೆಸುತ್ತಾ ನಿಂತಿದ್ದರು. ನಾನು ಡಬ್ಬಿ ಸಮೇತ ಒಳಗೆ ಓಡಿದೆ. ಆ ಕೋಸಂಬರಿಯನ್ನು ರಾತ್ರಿ ನಾವೇ ತಿಂದು ಮುಗಿಸಿದೆವು.

ಮಾರನೆಯ ದಿನ ಅವರೇ ಬಂದು ಬಾಗಿಲು ತಟ್ಟಿದರು. "ನಿನ್ನೆ ಡಬ್ಬಿ ಹಿಡ್ಕೊಂಡು ವಾಪಸ್ ಓಡಿದ್ಯಲ್ಲ ಮಾರಾಯ್ತಿ, ಅದರಲ್ಲಿ ಏನಿತ್ತು?" ಎಂದು ಕೇಳಿದರು. ನಾಚಿಕೆಯಿಂದ ಭೂಮಿಗೆ ಇಳಿದುಹೋದೆ. ಅವರು ಕೊಡಗಿನವರು, ಓದಿದ್ದು ಮೈಸೂರಿನಲ್ಲಿ. ಡೆಟ್ರಾಯಿಟ್ ಕಡೆಯ ಒಂದು ಲ್ಯಾಬಿನಲ್ಲಿ ಕಾರುಗಳಿಗೆ ಬಣ್ಣ ಹೊಂದಿಸುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಬಾಗಿಲು, ಬಂಪರು, ಬಾನೆಟ್ಟು ಬೇರೆ ಬೇರೆ ಕಾರ್ಖಾನೆಯಿಂದ ಬಂದರೂ ಒಂದೇ ಕೆಂಪು ಕಾಣಬೇಕು, ಅದನ್ನು ನೋಡಿ ಹೇಳುವ ಕಣ್ಣು ಅವರದು. ಹೋಗುವಾಗ ನಮ್ಮ ಸೆಕೆಂಡ್ ಹ್ಯಾಂಡ್ ಕಾರಿನ ಮುಂದೆ ಒಂದು ಕ್ಷಣ ನಿಂತು, ಎಡಗಡೆ ಬಾಗಿಲು ಬದಲಾಯಿಸಿದ್ದಾರೆ ನೋಡಿ ಎಂದು ನಮ್ಮವರಿಗೆ ಹೇಳಿದರು. ಮಾರಿದವನು ಒಂದು ಗೀರೂ ಬಿದ್ದಿಲ್ಲವೆಂದು ಆಣೆ ಇಟ್ಟಿದ್ದ ಕಾರು ಅದು. ನಮ್ಮವರು ಅವತ್ತು ಸಂಜೆಯೆಲ್ಲ ಆ ಬಾಗಿಲನ್ನು ದಿಟ್ಟಿಸುತ್ತಾ ನಿಂತಿದ್ದರು.

ಕೋವಿಯ ವಿಷಯಕ್ಕೆ ನಾನು ಸುಲಭಕ್ಕೆ ಒಗ್ಗಿಕೊಳ್ಳಲಿಲ್ಲ. ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಇಷ್ಟು ಓದಿದ, ಇಷ್ಟು ಒಳ್ಳೆಯ ಹೆಂಗಸು ಚಳಿಗಾಲ ಬಂದರೆ ಜಿಂಕೆ ಹೊಡೆಯಲು ಹೋಗುತ್ತಾರೆ ಎಂಬುದು ಗಂಟಲಲ್ಲಿ ಸಿಕ್ಕಿಕೊಂಡ ಹಾಗಿತ್ತು. ಅವರ ಮನೆಯಲ್ಲಿ ಕಾಫಿ ಕುಡಿಯುತ್ತಾ ಒಂದು ದಿನ ಕೇಳಿಯೇಬಿಟ್ಟೆ.

"ಪಾಪ ಅಲ್ವಾ ಆಂಟಿ?"

"ಪಾಪಾನೇ ಕಣೇ," ಎಂದರು. "ಅದಕ್ಕೇ ನೀಟಾಗಿ ಮಾಡ್ಬೇಕು."

ನಾನು ಜಗಳಕ್ಕೆ ಸೊಂಟ ಕಟ್ಟಿ ಕೂತಿದ್ದೆ. ಅವರು ಸಮರ್ಥಿಸಿಕೊಳ್ಳುತ್ತಾರೆ, ಅವರ ಊರಿನ ಪದ್ಧತಿ ಎನ್ನುತ್ತಾರೆ, ಇಲ್ಲಿ ಜಿಂಕೆ ಜಾಸ್ತಿಯಾಗಿವೆ ಎನ್ನುತ್ತಾರೆ ಎಂದುಕೊಂಡು ಎಲ್ಲಕ್ಕೂ ಉತ್ತರ ತಯಾರು ಮಾಡಿಟ್ಟುಕೊಂಡಿದ್ದೆ. ಒಂದೂ ಉಪಯೋಗಕ್ಕೆ ಬರಲಿಲ್ಲ, ಕಾಫಿ ಕುಡಿದು ಎದ್ದು ಬಂದೆ.

ಅವರ ಕೋವಿ ನಳಿಗೆಯ ಮುಂದಿನ ಬಾಯಿಯಿಂದ ತುಂಬುವ ಹಳೆಯ ಜಾತಿಯದು. ಕೇಪಿನ ಕೋವಿ ಎಂದು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ನಳಿಗೆಯ ಬಾಯಿಗೆ ಅಳತೆಯ ಮದ್ದು ಸುರಿದು, ಅದರ ಮೇಲೆ ಗುಂಡು ಇಟ್ಟು, ಗಜದ ಕಡ್ಡಿಯಿಂದ ತಳದವರೆಗೆ ತಳ್ಳಬೇಕು. ಹಿಂದೆ ಕಿಡಿ ಹಾರಿಸುವ ಪುಟ್ಟ ಕೇಪು ಇಟ್ಟು, ಅದರ ಮೇಲೆ ಬಡಿಯುವ ಕುದುರೆಯನ್ನು ಹಿಂದಕ್ಕೆಳೆದು ಟ್ರಿಗರ್ ಒತ್ತಿದರೆ ಒಂದು ಗುಂಡು ಹೋಗುತ್ತದೆ. ಅಷ್ಟೇ. ಇನ್ನೊಂದು ಬೇಕಾದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು, ಅಷ್ಟರಲ್ಲಿ ಪ್ರಾಣಿ ಎಲ್ಲಿರುತ್ತದೋ. ಮಿಶಿಗನ್ನಿನಲ್ಲಿ ಡಿಸೆಂಬರಿನ ಕೆಲವು ದಿನ ಇಂಥ ಕೋವಿಗಳಿಗೆಂದೇ ಬೇಟೆಯ ಕಾಲ ಮೀಸಲು. ಐದಾರು ಗುಂಡು ಒಟ್ಟಿಗೆ ತುಂಬುವ ಕೋವಿ ಅಂಗಡಿಯಲ್ಲಿ ಸಿಗುವಾಗ ಇದು ಯಾಕೆ ಎಂದರೆ, ಎರಡನೇ ಗುಂಡು ಇದೆ ಎಂದು ಗೊತ್ತಿದ್ದರೆ ಮೊದಲನೆಯದನ್ನು ಮನುಷ್ಯ ಉಡಾಫೆಯಿಂದ ಹೊಡೆಯುತ್ತಾನೆ ಎನ್ನುತ್ತಿದ್ದರು. ಅವರ ಊರಿನಲ್ಲಿ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು ಹೊಡೆಯುತ್ತಾರಂತೆ, ಯಾರಾದರೂ ಸತ್ತರೆ ಎರಡು. ಎರಡನೇ ಗುಂಡು ಸಾವಿನ ಸುದ್ದಿಗೆ ಮಾತ್ರ, ಕಾಡಿನಲ್ಲಿ ಅದರ ಅಗತ್ಯ ಬೀಳಬಾರದು ಎಂದು ಅವರಿಗೆ ಹೇಳಿಕೊಟ್ಟವರು ಅವರ ಅಜ್ಜಿ.

ನಾನು ಅವರ ಜೊತೆ ಸೇರಿಕೊಂಡದ್ದು ಡ್ರೈವಿಂಗ್ ನೆಪದಿಂದ. ನನಗೆ ಆಗಷ್ಟೇ ಲೈಸೆನ್ಸ್ ಬಂದಿತ್ತು, ಹೈವೇ ಅಂದರೆ ದೂರ ಓಡುತ್ತಿದ್ದೆ. ಅವರು ತಮ್ಮ ಕಾರಿನ ಕೀಲಿ ಕೈಗೆ ಕೊಟ್ಟು, ಇವತ್ತಿನಿಂದ ನೀನೇ ಓಡಿಸು, ಪ್ರಾಕ್ಟೀಸ್ ಆಗುತ್ತೆ ಎಂದರು. ಎಷ್ಟು ಒಳ್ಳೆಯವರು ಎಂದುಕೊಂಡೆ. ಲ್ಯಾಬಿನ ಹಳೆಯ ಸಹೋದ್ಯೋಗಿಯೊಬ್ಬರು ಊರಾಚೆ ಒಂದು ಗಂಟೆ ದೂರದಲ್ಲಿ ಜೋಳದ ಹೊಲ, ಪುಟ್ಟ ಕಾಡು ಇಟ್ಟುಕೊಂಡಿದ್ದರು. ಬಿಳಿ ಗಡ್ಡದ, ಎರಡು ವಾಕ್ಯಕ್ಕಿಂತ ಹೆಚ್ಚು ಮಾತಾಡದ ಅಮೆರಿಕನ್ ಮುದುಕ. ಆಂಟಿಯ ಗುರಿ ಅಭ್ಯಾಸ, ಬೇಟೆ ಎಲ್ಲ ಅಲ್ಲೇ. ಮೊದಲ ಸಲ ಅಲ್ಲಿಗೆ ಓಡಿಸಿಕೊಂಡು ಹೋಗುವಾಗ ನಾನು ಎಕ್ಸಿಟ್ ತಪ್ಪಿಸಿದೆ. ಬೋರ್ಡು ಅಷ್ಟು ದೊಡ್ಡದಿತ್ತಲ್ಲ, ಮೊದಲೇ ಹೇಳಬಾರದಿತ್ತೇ ಎಂದು ರೇಗಿದೆ. ಅವರು, "ನಂಗೆ ಕಾಣ್ಸಲಿಲ್ಲ ಕಣೇ," ಎಂದರು.

ಅವರ ಬಲಗಣ್ಣಿನ ನಡುವೆ ಮಸಿ ಒತ್ತಿದ ಹಾಗೆ ಒಂದು ಕಲೆ ಶುರುವಾಗಿತ್ತು, ಎಡಗಣ್ಣೂ ಅದೇ ದಾರಿ ಹಿಡಿದಿತ್ತು. ಅಂಚೆಲ್ಲ ಕಾಣುತ್ತದೆ, ನೋಡಬೇಕಾದ ಜಾಗ ಮಾತ್ರ ಮಾಸುತ್ತದೆ. ಬೆಳಕು ಚೆನ್ನಾಗಿದ್ದರೆ ಇನ್ನೂ ಪರವಾಗಿಲ್ಲ, ಆದರೆ ಮುಂದಿನ ವರ್ಷದ ಹೊತ್ತಿಗೆ ಗುರಿ ಹಿಡಿಯಲು ಆಗುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಬಣ್ಣ ನೋಡಿ ಬದುಕಿದ ಕಣ್ಣು... ಅವರು ಕಣ್ಣಿನ ಮಾತನ್ನು ಅಷ್ಟಕ್ಕೇ ಬಿಟ್ಟರು. ಅವರಿಗೆ ಕಾಡುತ್ತಿದ್ದದ್ದು ಬೇರೆ. ಹಿಂದಿನ ಡಿಸೆಂಬರಿನಲ್ಲಿ ಅವರು ಹೊಡೆದ ಜಿಂಕೆ ಬೀಳದೆ ಓಡಿಹೋಗಿತ್ತು. ಗುಂಡು ತಗಲಿದ್ದು ನಿಜ, ಹಿಮದ ಮೇಲೆ ರಕ್ತದ ಚುಕ್ಕೆಗಳಿದ್ದವು. ಮುದುಕನೂ ಅವರೂ ಕತ್ತಲಾಗುವವರೆಗೆ, ಮತ್ತೆ ಮಾರನೆಯ ದಿನವಿಡೀ ಹುಡುಕಿದರು. ಚುಕ್ಕೆಗಳು ಹಳ್ಳದ ಹತ್ತಿರ ನಿಂತುಹೋದವು. ಅಷ್ಟು ವರ್ಷಗಳಲ್ಲಿ ಅವರ ಕೈಯಿಂದ ಹಾಗೆ ಆಗಿದ್ದು ಅದೊಂದೇ ಸಲ.

"ಎಲ್ಲೋ ಹೋಗಿ ಎಷ್ಟು ಹೊತ್ತು ಒದ್ದಾಡಿತೋ," ಎಂದರು. "ಅದೇ ನನ್ನ ಕೊನೇ ಈಡು ಆಗ್ಬಾರದು. ಈ ಸಲ ಒಂದೇ ಒಂದು, ನೋವಿಲ್ಲದ ಹಾಗೆ. ಆಮೇಲೆ ಕೋವಿ ಕೆಳಗಿಡ್ತೀನಿ."

ನನ್ನಂಥ ಕೋಸಂಬರಿ ಮಂದಿಗೆ ಈ ಲೆಕ್ಕ ಅರ್ಥವಾಗಬಾರದು. ಬೇಸರವಾಗಿದ್ದರೆ ಇವತ್ತೇ ಬಿಟ್ಟುಬಿಡಿ ಎನ್ನಬೇಕಿತ್ತು. ಆದರೆ ಆ ಮುಖ ನೋಡಿದ ಮೇಲೆ ಹಾಗೆ ಅನ್ನಲು ಬಾಯಿ ಬರಲಿಲ್ಲ. ಒಂದು ಕೆಲಸವನ್ನು ಜೀವನವಿಡೀ ಸರಿಯಾಗಿ ಮಾಡಿದವರಿಗೆ ಕೊನೆಯ ಸಲ ಕೆಟ್ಟುಹೋದರೆ ಹೇಗಿರುತ್ತದೆ ಎಂಬುದಷ್ಟೇ ನನಗೆ ತಿಳಿದದ್ದು. ಮುಂದಿನ ಎಕ್ಸಿಟ್ಟಿನಲ್ಲಿ ಇಳಿದು ಹಿಂದಕ್ಕೆ ತಿರುಗಿಸಿದೆ.

ಆಮೇಲಿನ ವಾರಗಳಲ್ಲಿ ಅವರ ಬೇಸ್‌ಮೆಂಟು ನನಗೆ ಪಾಠಶಾಲೆಯಾಯಿತು. ಹಳೆಯ ಊಟದ ಮೇಜಿನ ಮೇಲೆ ಮೂರು ಬಗೆಯ ಗುಂಡು ಗುಡ್ಡೆ ಹಾಕಿಕೊಂಡಿದ್ದರು. ಒಂದು ಗೋಲಿಯಂಥ ಸೀಸದ ಉಂಡೆ, ಅದನ್ನು ಚಿಂದಿ ಬಟ್ಟೆಯಲ್ಲಿ ಸುತ್ತಿ ತಳ್ಳಬೇಕು. ಇನ್ನೊಂದು ಸೀಸದ್ದೇ, ಆದರೆ ಉದ್ದನೆಯದು, ತೂಕದ್ದು, ಬೆರಳಿನ ತುದಿಯಂಥದು. ಮೂರನೆಯದು ಹೊಳೆಯುವ ತಾಮ್ರದ್ದು, ಪ್ಲಾಸ್ಟಿಕ್ಕಿನ ಅಂಗಿ ತೊಟ್ಟದ್ದು. ಹಿಂದಿನ ವರ್ಷ ಕೈಕೊಟ್ಟದ್ದು ಅದೇ ತಾಮ್ರದ್ದು. ನಾನು ಅದನ್ನು ದುಷ್ಟನಂತೆ ನೋಡಿದರೆ ಆಂಟಿ ನಕ್ಕರು. ಅದರ ತಪ್ಪೇನೂ ಇಲ್ಲ, ಅದು ವೇಗವಾಗಿ ಹೋದರೆ ಮಾತ್ರ ಒಳಗೆ ಅರಳುವ ಗುಂಡು. ಅವರ ಭುಜ ಕೋವಿಯ ಒದೆತ ತಡೆಯುತ್ತಿರಲಿಲ್ಲವಾದ್ದರಿಂದ ಮದ್ದು ಕಡಿಮೆ ಮಾಡಿದ್ದರು. ವೇಗ ಇಳಿಯಿತು, ಗುಂಡು ಅರಳಲಿಲ್ಲ. ಸೂಜಿಯ ಹಾಗೆ ತೂರಿಹೋಯಿತು.

"ಪೇಪರ್ ಮೇಲೆ ಅಷ್ಟು ಚೆನ್ನಾಗಿ ಬೀಳ್ತಿತ್ತು ಅಂತ ನಂಬಿಬಿಟ್ಟೆ," ಎಂದರು. ಗುರಿಯ ಹಾಳೆಯಲ್ಲಿ ತೂತುಗಳು ಒಂದರ ಪಕ್ಕ ಒಂದು ಬಿದ್ದರೆ ಯಾರಿಗಾದರೂ ಹೆಮ್ಮೆ. ಆದರೆ ಹಾಳೆಗೆ ಜೀವವಿಲ್ಲ. ಗುಂಡು ಅಂದುಕೊಂಡ ಕಡೆಗೇ ಹೋಗಬೇಕು, ಹೋದ ಮೇಲೆ ಅಲ್ಲಿ ಅಗಲವಾಗಿ ಅರಳಿ ಒಂದೇ ಏಟಿಗೆ ಉಸಿರು ನಿಲ್ಲಿಸಬೇಕು. ಈ ಎರಡೂ ಒಂದೇ ಗುಂಡಿನಲ್ಲಿ ಸಿಗುವುದು ಕಷ್ಟವೆಂದು, ಅದರಲ್ಲೂ ಅವರ ಕೋವಿಗೆ, ಅವರ ಭುಜಕ್ಕೆ, ಅವರ ಕಣ್ಣಿಗೆ ಒಟ್ಟಿಗೆ ಹೊಂದುವುದು ಇನ್ನೂ ಕಷ್ಟವೆಂದು ನನಗೆ ನಿಧಾನವಾಗಿ ತಿಳಿಯಿತು.

ಈ ನಡುವೆ ಆಯುಧಪೂಜೆ ಬಂತು. ನಮ್ಮ ಡ್ರೈವ್‌ವೇಯಲ್ಲಿ ಎರಡೂ ಮನೆಯ ಕಾರು ತೊಳೆದು ನಿಲ್ಲಿಸಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ನಮ್ಮವರು ಪಂಚೆಯುಟ್ಟು ನಡುಗುತ್ತಾ ಪೂಜೆ ಶುರು ಮಾಡಿದರು. ಎದುರು ಮನೆಯವರು ನಾಯಿ ಹಿಡಿದುಕೊಂಡು ನಿಂತು ನೋಡುತ್ತಿದ್ದರು. ಆಂಟಿ ಖಾಲಿ ಕೋವಿಯನ್ನು ಟವೆಲಿನಲ್ಲಿ ಸುತ್ತಿ ತಂದು ಗರಾಜಿನ ಒಳಗಿನ ಗೋಡೆಗೆ ಒರಗಿಸಿದರು. ಅವರ ಕಡೆಯ ಆಯುಧದ ಹಬ್ಬ ಕೈಲ್ ಮುಹೂರ್ತ ಕಳೆದು ತಿಂಗಳ ಮೇಲಾಗಿತ್ತು, ಕೋವಿಗೆ ಹೂವಿಟ್ಟು ಅವರ ಪೂಜೆ ಮುಗಿದಿತ್ತು. ಆದರೂ ನಿಮ್ಮ ಹಬ್ಬದ್ದೂ ಒಂದಿರಲಿ ಎಂದರು. ನಮ್ಮವರು ಯಾವುದರಲ್ಲೂ ಕೈ ಬಿಗಿ ಹಿಡಿಯುವವರಲ್ಲ. ಕಾರಿಗೆ ಹಾಕಿದ ಹಾಗೆಯೇ ಕೋವಿಗೂ ಅರಿಶಿನ, ಕುಂಕುಮ, ಹಿಡಿ ತುಂಬ ಅಕ್ಷತೆ ಹಾಕಿದರು, ಮಂಗಳಾರತಿ ಎತ್ತಿದರು.

ಆ ಶನಿವಾರ ಹೊಲದಲ್ಲಿ ಆಂಟಿ ಮದ್ದು ತುಂಬಿ, ಗುಂಡಿಟ್ಟು, ಗುರಿ ಹಿಡಿದು ಎಳೆದರು. ಕೇಪು ಚಟ್ಟೆಂದಿತು, ಅಷ್ಟೇ. ಹಾಗಾದಾಗ ತಡವಾಗಿ ಸಿಡಿಯಬಹುದೆಂದು ಅವರು ಕೋವಿಯನ್ನು ಗುರಿಯ ಕಡೆಗೇ ಹಿಡಿದು ಬಹಳ ಹೊತ್ತು ಅಲುಗಾಡದೆ ನಿಂತರು. ಇನ್ನೊಂದು ಕೇಪು ಹಾಕಿದರೂ ಅದೇ. ಅವರ ಮುಖ ಬಿಳುಚಿಕೊಂಡಿತು. ಕಣ್ಣು ಹೋಗುತ್ತಿರುವಾಗ ಕೋವಿಯೂ ಕೈಬಿಟ್ಟಿತು ಅಂದುಕೊಂಡರೋ ಏನೋ. ಕೊನೆಗೆ ಮುದುಕನೂ ಅವರೂ ಸೇರಿ ಹಿಂದಿನ ಬಿರಡೆ ತಿರುಪಿ ತೆಗೆದು ಎಲ್ಲವನ್ನೂ ಹೊರಗೆ ತಳ್ಳಿದರು. ಕಪ್ಪು ಮದ್ದಿನ ಜೊತೆ ಬಿದ್ದದ್ದು ಅರಿಶಿನ ಮೆತ್ತಿದ ನಾಲ್ಕೈದು ಅಕ್ಕಿಕಾಳು. ಮೇಲೆ ಬಾಯಿ ಬಿಟ್ಟುಕೊಂಡು ನಿಂತಿದ್ದ ನಳಿಗೆಗೆ ನಮ್ಮವರ ಧಾರಾಳದ ಅಕ್ಷತೆ ನೇರವಾಗಿ ಇಳಿದು, ಕಿಡಿ ಬರುವ ಸಣ್ಣ ತೂತಿಗೆ ಅಡ್ಡ ಕೂತಿತ್ತು.

ಮುದುಕ ಒಂದು ಕಾಳನ್ನು ಅಂಗೈಯಲ್ಲಿಟ್ಟುಕೊಂಡು ಇದು ಯಾವ ಇಲಿಯ ಕೆಲಸ ಎಂದು ಇಂಗ್ಲಿಷಿನಲ್ಲಿ ಕೇಳಿದ. ಆಂಟಿ ನಗುತ್ತಾ ಒದ್ದೆ ಹುಲ್ಲಿನ ಮೇಲೆ ಕೂತುಬಿಟ್ಟರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಮ್ಮ ಕಡೆ ಕೋವಿ ಬಾಯಿಗೆ ಹೂ ಸಿಗಿಸೋದು ಯಾಕೆ ಅಂತ ಇವತ್ತು ಗೊತ್ತಾಯ್ತು ನೋಡು," ಎಂದರು. ನಮ್ಮವರಿಗೆ ಈ ಸುದ್ದಿ ತಿಳಿದ ಮೇಲೆ ಅವರು ವರ್ಷಗಟ್ಟಲೆ ಅಕ್ಷತೆಯನ್ನು ಎಣಿಸಿದಂತೆ ಹಾಕುತ್ತಿದ್ದರು.

ಅದಾದ ಮೇಲೆ ಅರಳುವ ಪರೀಕ್ಷೆ. ಮನೆಮನೆಗೆ ಬಂದು ಬೀಳುವ ಅಂಗಡಿಗಳ ಜಾಹೀರಾತು ಹಾಳೆಗಳನ್ನು ನಾನು ಬೀದಿಯಲ್ಲೆಲ್ಲ ಸಂಗ್ರಹಿಸಿದೆ, ಕನ್ನಡ ಸಂಘದ ರಾಜ್ಯೋತ್ಸವದ ಕರಪತ್ರವನ್ನೂ ಬಿಡಲಿಲ್ಲ. ಎಲ್ಲವನ್ನೂ ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಇಟ್ಟಿಗೆಯ ಹಾಗೆ ಕಟ್ಟು ಕಟ್ಟಿ ಮಣ್ಣಿನ ದಿಬ್ಬಕ್ಕೆ ಒರಗಿಸುತ್ತಿದ್ದೆವು. ಒಂದೊಂದು ಗುಂಡು ಹೊಡೆದ ಮೇಲೆ ಆಂಟಿ ಕಟ್ಟಿನ ಮುಂದೆ ಮಂಡಿಯೂರಿ ಹಾಳೆಗಳನ್ನು ಪದರ ಪದರವಾಗಿ ಬಿಡಿಸುತ್ತಿದ್ದರು. ತಾಮ್ರದ್ದು ಎಲ್ಲ ದಾಟಿ ಹಿಂದಿನ ಮಣ್ಣಿನಲ್ಲಿ ಸಿಕ್ಕಿತು, ಹೊಸದರಂತೆಯೇ ಇತ್ತು. ಉಂಡೆ ಸೀಸ ವಡೆಯ ಹಾಗೆ ಚಪ್ಪಟೆಯಾಗಿತ್ತು, ಆದರೆ ಆಳಕ್ಕೆ ಹೋಗದೆ ಮೇಲೇ ನಿಂತಿತ್ತು. ಉದ್ದನೆಯ ಸೀಸದ ಗುಂಡು ಆಳದಲ್ಲಿ ಸಿಕ್ಕಿತು. ಅವರು ಅದನ್ನು ತೊಳೆದು ನನ್ನ ಕೈಯಲ್ಲಿಟ್ಟರು. ಮಳೆ ಬಿದ್ದ ಮಾರನೆಯ ದಿನ ಎದ್ದ ಅಣಬೆಯ ಹಾಗೆ ತಲೆ ಬಿಚ್ಚಿಕೊಂಡಿತ್ತು. ಕೊಲ್ಲುವ ವಸ್ತು ಎಂಬುದನ್ನು ಮರೆತು ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ.

ಆದರೆ ಆ ಅಣಬೆ ಹೇಳಿದ ಮಾತು ಕೇಳುತ್ತಿರಲಿಲ್ಲ. ಗುರಿಯ ಹಾಳೆಯ ಮೇಲೆ ಊಟದ ತಟ್ಟೆಯಷ್ಟು ಅಗಲಕ್ಕೆ ಚೆದುರಿ ಬೀಳುತ್ತಿತ್ತು. ಅರಳುವುದು ಗುರಿಗೆ ಹೋಗದು, ಗುರಿಗೆ ಹೋಗುವುದು ಅರಳದು. ಬೇರೆ ಯಾರಾದರೂ ಇಷ್ಟು ಸಾಕು ಎಂದು ಒಂದನ್ನು ಆರಿಸಿಕೊಳ್ಳುತ್ತಿದ್ದರು. ಆಂಟಿ ಎರಡೂ ಬೇಕೆಂದು ಹಟ ಹಿಡಿದರು. ಮದ್ದನ್ನು ಚಿಟಿಕೆಯಷ್ಟು ಹೆಚ್ಚು ಮಾಡಿದರು, ಚಿಟಿಕೆಯಷ್ಟು ಕಡಿಮೆ ಮಾಡಿದರು. ಮದ್ದಿಗೂ ಗುಂಡಿಗೂ ನಡುವೆ ಉಣ್ಣೆಯ ಪುಟ್ಟ ಬಿಲ್ಲೆ ಇಟ್ಟು ನೋಡಿದರು. ಪ್ರತಿ ಈಡಿಗೂ ನಳಿಗೆಯನ್ನು ಒಂದೇ ರೀತಿ ಒರೆಸಿದರು. ಭುಜ ಕಪ್ಪುಗಟ್ಟಿ ಹೋಗಿತ್ತು, ನಾನು ಕಾಫಿ ತಂದುಕೊಟ್ಟರೆ ಎಡಗೈಯಲ್ಲಿ ಹಿಡಿಯುತ್ತಿದ್ದರು. ಇಷ್ಟು ಕಷ್ಟ ಒಂದು ಜಿಂಕೆಗೆ ನೋವಾಗದಿರಲೆಂದು... ನನ್ನ ಸಾತ್ವಿಕ ಬದುಕಿನಲ್ಲಿ ಯಾವ ಪ್ರಾಣಿಗಾಗಿಯೂ ನಾನು ಇದರ ಕಾಲುಭಾಗ ಶ್ರಮ ಪಟ್ಟವಳಲ್ಲ.

ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ಉದ್ದ ಸೀಸದ ಗುಂಡುಗಳು ಕಾಫಿ ಸಾಸರಿನೊಳಗೆ ಬೀಳತೊಡಗಿದವು. ಆ ಉಣ್ಣೆಯ ಬಿಲ್ಲೆ ಕೆಲಸ ಮಾಡಿತ್ತು. ಆಮೇಲೆ ಆಂಟಿ ಬೇಟೆಗೆ ಮರೆಯಾಗಿ ಕೂರುವ ಹಲಗೆಯ ಗೂಡಿನೊಳಗಿಂದ ನನ್ನನ್ನು ಹೊಲದುದ್ದಕ್ಕೂ ನಡೆಸಿ, ನಾನು ಕಿತ್ತಳೆ ಬಣ್ಣದ ಟೇಪು ಹಿಡಿದು ನಿಂತರೆ ತಮಗೆ ಸ್ಪಷ್ಟವಾಗಿ ಕಾಣುವ ಕೊನೆಯ ಜಾಗ ಯಾವುದೆಂದು ನೋಡಿದರು. ಅಲ್ಲಿ ಒಂದು ಮೊಂಡು ಮರವಿತ್ತು. ಆ ಮರದ ಆಚೆ ದೇವರೇ ಬಂದು ನಿಂತರೂ ಹೊಡೆಯುವುದಿಲ್ಲ ಎಂದರು.

ಡಿಸೆಂಬರಿನ ಆ ಬೆಳಿಗ್ಗೆ ಇಲ್ಲಿಯ ಲೆಕ್ಕದಲ್ಲಿ ಇಪ್ಪತ್ತು ಡಿಗ್ರಿ, ಅಂದರೆ ನೀರು ಹೆಪ್ಪುಗಟ್ಟುವ ಚಳಿ. ಹಲಗೆಯ ಗೂಡಿನಲ್ಲಿ ಇಬ್ಬರೂ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಪಕ್ಕಪಕ್ಕದಲ್ಲಿ ಕೂತಿದ್ದೆವು. ನನ್ನ ಕಾಲಿನ ಬೆರಳು ಇವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಬೆಳಕು ಹರಿಯುತ್ತಿದ್ದಂತೆ ಕಾಡಿನಂಚಿಗೆ ಒಂದು ಗಂಡು ಬಂತು. ಅಷ್ಟು ದೊಡ್ಡ ಕೊಂಬಿನ ಜಿಂಕೆಯನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಉಸಿರು ಬಿಟ್ಟರೆ ಹೊಗೆಯಾಡುತ್ತಿತ್ತು. ಇಲ್ಲಿಯವರು ಅಂಥದಕ್ಕಾಗಿ ವರ್ಷಗಟ್ಟಲೆ ಕಾಯುತ್ತಾರಂತೆ. ಅದು ಮೊಂಡು ಮರದ ಆಚೆಗೆ, ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿತ್ತು. ಆಂಟಿ ಕೋವಿಯನ್ನು ಮೇಲೆತ್ತಲೇ ಇಲ್ಲ. ಕೈ ತೊಡೆಯ ಮೇಲೆ ಇಟ್ಟುಕೊಂಡು, ಸಂಗೀತ ಕೇಳುವವರ ಹಾಗೆ ತಲೆ ವಾಲಿಸಿ ಅದನ್ನು ನೋಡುತ್ತಾ ಕೂತರು. ಅದು ತನಗೆ ಬೇಕಾದಷ್ಟು ಹೊತ್ತು ನಿಂತು ಹೋಯಿತು.

ಬಿಸಿಲು ಏರಿದ ಮೇಲೆ ಹೆಣ್ಣು ಜಿಂಕೆಯೊಂದು ಜೋಳದ ಕೂಳೆಗಳ ನಡುವೆ ನಡೆದು ಬಂತು. ಮರದ ಈಚೆಗೆ, ಪಕ್ಕೆ ತೋರಿಸಿ ನಿಂತಿತು. ಆಂಟಿ ಕುದುರೆ ಎಳೆದು ಗುರಿ ಹಿಡಿದರು. ಅವರ ಕೆನ್ನೆ ಕೋವಿಯ ಮರಕ್ಕೆ ಒತ್ತಿಕೊಂಡಿತ್ತು, ಉಸಿರು ನಿಂತಿತ್ತು. ಹುಟ್ಟಿದಾಗಿನಿಂದ ಈರುಳ್ಳಿಯನ್ನೂ ಲೆಕ್ಕ ಹಾಕಿ ತಿಂದ ಮನೆಯ ಮಗಳು ನಾನು, ಜಿಂಕೆ ಉಳಿಯಲಪ್ಪಾ ಎಂದು ಬೇಡಬೇಕಾದವಳು, ಗುಂಡು ಸರಿಯಾಗಿ ಬೀಳಲಿ ಎಂದು ಕಣ್ಣು ಮುಚ್ಚಿ ರಾಯರನ್ನು ಬೇಡಿಕೊಂಡೆ. ನಮ್ಮಮ್ಮ ಕೇಳಿದ್ದರೆ ಮನೆಗೇ ಸೇರಿಸುತ್ತಿರಲಿಲ್ಲ.

ಗುಂಡು ಹಾರಿತು. ಗೂಡಿನ ಮುಂದೆಲ್ಲ ಬಿಳಿ ಹೊಗೆ, ಆಚೆ ಹೊಲವೂ ಇಲ್ಲ, ಆಕಾಶವೂ ಇಲ್ಲ. ಆ ಕೋವಿಯ ಗುಣವೇ ಹಾಗೆ, ಹೊಡೆದವರಿಗೆ ಏನಾಯಿತೆಂದು ಕೂಡಲೇ ತೋರಿಸುವುದಿಲ್ಲ. ಆಂಟಿ ಕೈ ಚಾಚಿ ನನ್ನ ಮೊಣಕೈ ಹಿಡಿದರು.

"ಏನ್ ಕಾಣ್ತಿದೆ ಹೇಳು," ಎಂದರು.

ಹೊಗೆ ಎಷ್ಟು ಹೊತ್ತಾದರೂ ಸರಿಯಲಿಲ್ಲ. ಸರಿದ ಮೇಲೆ ಮೊದಲು ಮೊಂಡು ಮರ ಕಂಡಿತು. ಆಮೇಲೆ ಕೂಳೆಗಳು. ಕೂಳೆಗಳ ನಡುವೆ, ನಿಂತಿದ್ದ ಜಾಗದಲ್ಲೇ, ನಿದ್ದೆ ಬಂದು ಒರಗಿದ ಹಾಗೆ ಅದು ಮಲಗಿತ್ತು. ಕಾಲು ಕೂಡ ಆಡುತ್ತಿರಲಿಲ್ಲ.

"ಅಲ್ಲೇ ಇದೆ ಆಂಟಿ. ಮಲಗಿದೆ," ಎಂದೆ.

ಅವರು ಹತ್ತಿರ ಹೋಗಿ ಕೈಗವಸು ತೆಗೆದು ಅದರ ಕತ್ತಿನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಕೂತರು. ನಾನು ಅತ್ತೆ. ಜಿಂಕೆಗೋ, ಅವರಿಗೋ, ಅಂಥ ಒಂದು ಕೆಲಸವನ್ನು ಅಷ್ಟು ಹತ್ತಿರದಿಂದ ಕಂಡದ್ದಕ್ಕೋ ಗೊತ್ತಿಲ್ಲ. ಮುದುಕ ಬಂದು ಟೋಪಿ ತೆಗೆದು ನಿಂತ. ಆಂಟಿ ಎದ್ದು ಕೋವಿಯನ್ನು ಅವನ ಕೈಗೆ ಕೊಟ್ಟು, ಇನ್ನು ನಿನ್ನ ಹತ್ತಿರವೇ ಇರಲಿ ಎಂದರು. ಮಾಂಸವನ್ನು ಅವರಿಬ್ಬರೂ ಹಂಚಿಕೊಂಡರು, ಒಂದು ಚೂರೂ ಎಸೆಯಲಿಲ್ಲ. ನಾನು ಅವತ್ತೂ ಮೊಸರನ್ನ ತಿಂದೆ.

ಆಮೇಲೆ ಡಾಕ್ಟರು ಹೇಳಿದ್ದಕ್ಕಿಂತ ಬೇಗ ಎರಡೂ ಕಣ್ಣು ಹೋದವು. ಆಂಟಿ ಮನೆ ಮಾರಿ ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿದ್ದ ತಂಗಿಯ ಮನೆಗೆ ಹೋದರು. ವರ್ಷಕ್ಕೆ ಒಂದೆರಡು ಸಲ ನಾನು ಮಗಳನ್ನು ಕಟ್ಟಿಕೊಂಡು, ಅವರೇ ಕಲಿಸಿದ ಹೈವೇ ಡ್ರೈವಿಂಗಿನಲ್ಲಿ ಅಲ್ಲಿಗೆ ಹೋಗಿ ಬರುತ್ತಿದ್ದೆ. ಯಾವ ಬಣ್ಣದ ಬಟ್ಟೆ ಹಾಕಿದ್ದೀಯ ಎಂದು ಕೇಳುತ್ತಿದ್ದರು. ಹಸಿರು ಎಂದರೆ ಸಾಲದು. ಯಾವ ಹಸಿರು, ಸರಿಯಾಗಿ ಹೇಳು ಎಂದು ಬೆನ್ನು ಹತ್ತುತ್ತಿದ್ದರು. ಕರಿಬೇವಿನ ಎಳೆ ಚಿಗುರಿನದು ಎಂದಾಗ ಮುಖ ಅರಳಿ, ಸರಿ, ಈಗ ಕಂಡಿತು ಎನ್ನುತ್ತಿದ್ದರು. ಕೊನೆಯ ಸಲ ಹೋದಾಗ ಊರಿನ ಮಾತು, ಗುಂಡಿನ ಮಾತು ಬಂತು.

"ನಾನು ಹೆಣ್ಣು. ಹುಟ್ಟಿದಾಗ ನಂಗೆ ಗುಂಡು ಹೊಡೀಲಿಲ್ಲ ಅಂತ ನಮ್ಮಜ್ಜಿ ಮೂರು ದಿನ ಯಾರ ಹತ್ರಾನೂ ಮಾತಾಡಲಿಲ್ವಂತೆ," ಎಂದು ನಕ್ಕರು. "ಈಗ ಸತ್ತಾಗ್ಲೂ ಇಲ್ಲ. ನೇಪರ್‌ವಿಲ್‌ನಲ್ಲಿ ಹೊಡೆದ್ರೆ ಪೊಲೀಸ್ ಬರ್ತಾರೆ."

ಹೋದ ಚಳಿಗಾಲ ಅವರ ತಂಗಿಯ ಫೋನು ಬಂತು. ಅಲ್ಲಿಗೆ ಹೋಗಿ, ಎಲ್ಲ ಮುಗಿಸಿ, ವಾಪಸು ಬರುವ ದಾರಿಯಲ್ಲಿ ಗ್ಯಾಸ್ ಸ್ಟೇಷನ್ನಿನಲ್ಲಿ ಕಾರು ನಿಲ್ಲಿಸಿ ಮುದುಕನಿಗೆ ಫೋನ್ ಮಾಡಿದೆ. ಅವನಿಗೆ ಈ ಪದ್ಧತಿ ಗೊತ್ತಿರಲಿಲ್ಲ. ನನ್ನ ಇಂಗ್ಲಿಷಿನಲ್ಲಿ ಒಂದರ ಅರ್ಥ, ಎರಡರ ಅರ್ಥ ವಿವರಿಸಿದ್ದನ್ನು ಕೊನೆಯವರೆಗೆ ಕೇಳಿ, ಬಾ ಎಂದ. ನಾನು ಮನೆಗೆ ಹೋಗದೆ ನೇರ ಅಲ್ಲಿಗೆ ಓಡಿಸಿದೆ. ಕೋವಿಗೆ ಒಂದು ಚುಕ್ಕೆ ತುಕ್ಕು ಹಿಡಿಯಲು ಬಿಟ್ಟಿರಲಿಲ್ಲ ಅವನು. ಆದರೆ ಆ ಬೆಳಗಿನ ಮೇಲೆ ಒಮ್ಮೆಯೂ ಹೊಡೆದಿರಲಿಲ್ಲ. ನನ್ನ ಕೈಗೆ ಕೊಟ್ಟು ಪಕ್ಕದಲ್ಲಿ ನಿಂತ.

ಸೀಸ ಬೇಕಿರಲಿಲ್ಲ, ಮದ್ದು, ಅದರ ಮೇಲೆ ಉಣ್ಣೆಯ ಬಿಲ್ಲೆ ಸಾಕು. ಅಷ್ಟು ಸಲ ನೋಡಿದ್ದ ಕೆಲಸ, ಕೈಗೆ ತಾನಾಗಿ ಬಂತು. ಆಕಾಶಕ್ಕೆ ಎತ್ತಿ ಎಳೆದೆ. ಸದ್ದು ಹೊಲದ ಮೇಲೆ ಉರುಳಿ ಕಾಡಿಗೆ ಬಡಿದು ವಾಪಸು ಬಂತು. ಬೇರೆ ಕೋವಿಯಾಗಿದ್ದರೆ ಅದರ ಬೆನ್ನಿಗೇ ಎರಡನೆಯದು ಹೋಗುತ್ತಿತ್ತು. ಇದಕ್ಕೆ ಮತ್ತೆ ಮೊದಲಿನಿಂದ ಶುರು. ಆಂಟಿ ಕಲಿಸಿದ ಹಾಗೆ ನಳಿಗೆ ಒರೆಸಬೇಕು, ಮದ್ದು ಅಳೆಯಬೇಕು, ತಳ್ಳಬೇಕು. ಗಜ ಹಿಡಿದು ನಿಂತಾಗ ಹೊಳೆಯಿತು, ಈಗ ಈ ಕ್ಷಣಕ್ಕೆ ಹಾರಿರುವುದು ಒಂದೇ ಗುಂಡು. ಕೊಡಗಿನ ಯಾರಾದರೂ ಆ ದಾರಿಯಲ್ಲಿ ಹೋಗುತ್ತಿದ್ದರೆ, ಎಲ್ಲೋ ಮಗು ಹುಟ್ಟಿದೆ ಎಂದುಕೊಂಡು ಒಂದು ಗಳಿಗೆ ನಿಲ್ಲುತ್ತಿದ್ದರು. ಆಂಟಿ ಹುಟ್ಟಿದ ದಿನ ಹಾರದೆ ಉಳಿದ ಗುಂಡು ಅದು. ಅಜ್ಜಿಯ ಮುನಿಸು ಅಲ್ಲಿಗೆ ತೀರಿತು ಎಂದುಕೊಂಡೆ. ಬೇಕೆಂದೇ ನಿಧಾನವಾಗಿ ತುಂಬಿದೆ, ಮುದುಕ ಅವಸರ ಮಾಡಲಿಲ್ಲ. ಎಷ್ಟು ನಿಧಾನ ಮಾಡಿದರೂ ತುಂಬಿ ಮುಗಿಯಿತು. ಆ ಕೋವಿಗೆ ಯಾವತ್ತೂ ಬೇಕಾಗದಿರಲೆಂದು ಅವರು ಅಷ್ಟು ಕಷ್ಟಪಟ್ಟ ಎರಡನೇ ಗುಂಡನ್ನು ಅವರಿಗಾಗಿ ನಾನು ಹೊಡೆದೆ.

ಕೋವಿಯನ್ನು ಅಲ್ಲೇ ಬಿಸಿನೀರಿನಲ್ಲಿ ತೊಳೆದು ಒರೆಸಿ ಕೊಟ್ಟು ಬಂದೆ. ಕೈಯಲ್ಲಿ ಆ ವಾಸನೆ ಎರಡು ದಿನ ಇತ್ತು. ಆಮೇಲೆ ಹೋಯಿತು. ಇನ್ನು ಸಿಗಲಾರದು ಎಂದುಕೊಂಡಿದ್ದೆ... ಹೋದ ಭಾನುವಾರದವರೆಗೆ.

ಮಗಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಕಿಟಕಿಯ ಹತ್ತಿರ ಕಾಯುತ್ತಿದ್ದಳು. ಕೊನೆಗೆ ನಾನೇ ಹೋಗಿ ತೆರೆದೆ. ತಣ್ಣನೆಯ ಗಾಳಿ ಬಂದು ಸ್ವಲ್ಪ ಹೊತ್ತಿಗೆ ಎಲ್ಲ ಹೋಯಿತು. ಪಕ್ಕದ ಮನೆಯ ಗರಾಜು ಗಡಗಡ ಎಂದು ಮೇಲೆದ್ದ ಸದ್ದಿಗೆ ಇಷ್ಟು ವರ್ಷಗಳ ಅಭ್ಯಾಸದಿಂದ ಇಣುಕಿದೆ. ಅಲ್ಲೀಗ ಬೇರೆಯವರಿದ್ದಾರೆ.